ಕಾರ್ಡ್ ಬದಿಗಿಟ್ಟು ಹಾಡಿನಿಂದ ಶುರು ಮಾಡಿದಾಗ

ಮೊದಲ ವರ್ಷ ನಾನು ಗಿಟಾರನ್ನು ಟ್ಯಾಬ್ (ಬೆರಳಿಡುವ ಜಾಗಗಳನ್ನು ಅಂಕಿಯಲ್ಲಿ ಬರೆದ ಹಾಳೆ) ನೋಡಿಕೊಂಡೇ ಕಲಿತೆ. ಯಾವ ತಂತಿ, ಎಷ್ಟನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಮನೆ), ಯಾವ ಬೆರಳು, ಅಷ್ಟೇ. 'ಆಟಮ್ ಲೀವ್ಸ್' ಹಾಡಿನ ಒಂದು ಅರೇಂಜ್‌ಮೆಂಟನ್ನು ನಾಲ್ಕು ತಿಂಗಳು ಉರು ಹೊಡೆದೆ. ಅಕ್ಕನ ಮನೆಯಲ್ಲಿ ಎಲ್ಲರೂ ಕೂತಿದ್ದಾಗ ನುಡಿಸತೊಡಗಿದೆ. ಹನ್ನೊಂದನೇ ಬಾರ್‌ನಲ್ಲಿ, ಅಂದರೆ ತಾಳದ ಹನ್ನೊಂದನೇ ಸುತ್ತಿನಲ್ಲಿ, ಒಂದು ಬೆರಳು ಜಾರಿತು. ಅಲ್ಲಿಂದ ಮುಂದೆ ಹೋಗಲು ದಾರಿಯೇ ಕಾಣಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದೆ, ಅದೇ ಜಾಗದಲ್ಲಿ ಮತ್ತೆ ನಿಂತೆ. ಭಾವ ಮೆಲ್ಲಗೆ ಕೇಳಿದರು: "ಅಲ್ಲೇ ಮಧ್ಯದಿಂದ ಎತ್ಕೊಳ್ಳೋಕೆ ಆಗಲ್ವಾ? ಹಾಡು ಗೊತ್ತಲ್ವಾ ನಿನಗೆ?"

ನಿಜ ಹೇಳಬೇಕೆಂದರೆ ಹಾಡು ನನಗೆ ಗೊತ್ತಿರಲಿಲ್ಲ. ಬಾಯಿಬಿಟ್ಟು ಒಮ್ಮೆಯೂ ಹಾಡಿರಲಿಲ್ಲ.

ಕಾರ್ಡ್ ಮೆಲಡಿ ಅಂದರೆ ಹಾಡಿನ ಟ್ಯೂನು, ಅದರ ಕೆಳಗಿನ ಕಾರ್ಡು (ಒಟ್ಟಿಗೆ ಮೀಟುವ ಸ್ವರಗಳ ಗುಂಪು), ಆದಷ್ಟು ಬೇಸ್ (ತಳದ ಸ್ವರ), ಈ ಮೂರನ್ನೂ ಒಬ್ಬರೇ ಒಂದೇ ಗಿಟಾರಿನಲ್ಲಿ ನುಡಿಸುವುದು. ಮೂರರಲ್ಲಿ ಯಜಮಾನ ಟ್ಯೂನು. ಇದು ಅರ್ಥವಾದ ದಿನ ಟ್ಯಾಬ್ ಹಾಳೆಗಳನ್ನು ಕಟ್ಟಿಟ್ಟೆ. ಅದೇ ಹಾಡನ್ನು ಸೊನ್ನೆಯಿಂದ ಎತ್ತಿಕೊಂಡೆ.

1945ರಲ್ಲಿ ಜೋಸೆಫ್ ಕೊಸ್ಮಾ ಕೊಟ್ಟ ಟ್ಯೂನ್ ಇದು. ಮೂಲದಲ್ಲಿ ಫ್ರೆಂಚ್ ಹಾಡು, ಕವಿ ಜಾಕ್ ಪ್ರೆವೆರ್. ಜಾನಿ ಮರ್ಸರ್ ಇಂಗ್ಲಿಷ್ ಸಾಹಿತ್ಯ ಬರೆದ ಮೇಲೆ ಅಮೆರಿಕದ ಜಾಝ್‌ನವರು ಇದನ್ನು ತಮ್ಮದೇ ಮಾಡಿಕೊಂಡರು. ಇಂಗ್ಲಿಷ್ ಸಾಲುಗಳನ್ನು ನಾನು ಬಾಯಿಪಾಠ ಮಾಡಿದೆ. ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅನ್ನುವುದು ಮಾತಿನಿಂದಲೇ ಗೊತ್ತಾಗುತ್ತದೆ. ಎರಡು ವಾರ ಸುಮ್ನೆ ಹಾಡಿದೆ, ಅಡುಗೆಮನೆಯಲ್ಲಿ, ಬಸ್ಸಿನಲ್ಲಿ, ನಡೆಯುವಾಗ.

ಆಮೇಲೆ ಗಿಟಾರ್ ಹಿಡಿದೆ. ಇ ಮೈನರ್ ಶ್ರುತಿ ಆರಿಸಿಕೊಂಡೆ. ಪುಸ್ತಕದಲ್ಲಿ ಬರೆದಿರುವ ಹಾಗೆಯೇ ನುಡಿಸಿದರೆ ಟ್ಯೂನು ಶುರುವಾಗುವುದು ನಾಲ್ಕನೇ ತಂತಿಯಲ್ಲಿ. ಆಗ ಕಾರ್ಡಿಗೆ ಕೆಳಗೆ ಜಾಗವೇ ಉಳಿಯುವುದಿಲ್ಲ. ಹಾಗಾಗಿ ಇಡೀ ಟ್ಯೂನನ್ನು ಒಂದು ಸ್ಥಾಯಿ ಮೇಲಕ್ಕೆ ಎತ್ತಬೇಕು. ಮೊದಲ ಮೂರು ಸ್ವರ ಎರಡನೇ ತಂತಿಯ 5, 7, 8ನೇ ಫ್ರೆಟ್. ಅಲ್ಲಿಂದ ಒಂದನೇ ತಂತಿಯ 8ನೇ ಫ್ರೆಟ್‌ಗೆ ಹತ್ತಿ, ಆ ಸಿ ಸ್ವರದ ಮೇಲೆ ಹಾಡು ನಿಲ್ಲುತ್ತದೆ. ಸಣ್ಣ ತಂತಿಗಳೆರಡೂ ಟ್ಯೂನಿಗೆ, ಉಳಿದವು ಜೊತೆಗಾರರಿಗೆ.

ಹೀಗೆ ಬರೀ ಟ್ಯೂನು ನುಡಿಸುತ್ತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಚಿಕ್ಕಂದಿನಲ್ಲಿ ಸರಳೆ ವರಸೆ, ಜಂಟಿ ವರಸೆ ಕಲಿತವನು ನಾನು, ಸ್ವರ ಕೇಳಿದರೆ ತಲೆ ಸರಿಗಮದಲ್ಲೇ ಯೋಚಿಸುತ್ತದೆ. ಮೊದಲ ಕಾರ್ಡ್ ಎ ಮೈನರ್ 7. ಎ ಸ್ವರವನ್ನು ಸ ಅಂದುಕೊಂಡರೆ, ಮೇಲೆ ನಿಂತಿರುವ ಸಿ ಅದರ ಗ. ಎರಡನೇ ಬಾರ್‌ನಲ್ಲಿ ಕಾರ್ಡ್ ಡಿ 7 ಆಗುತ್ತದೆ. ಟ್ಯೂನಿನಲ್ಲಿ ಅದೇ ಸಿ ಮುಂದುವರಿಯುತ್ತದೆ, ಆದರೆ ಈಗ ಅದು ನಿ. ಮೂರನೇ ಬಾರ್ ಜಿ ಮೇಜರ್ 7, ಮೇಲೆ ಬಿ, ಅಂದರೆ ಮತ್ತೆ ಗ. ನಾಲ್ಕನೆಯದು ಸಿ ಮೇಜರ್ 7, ಅದೇ ಬಿ ಈಗ ನಿ. ಐದು, ಆರು, ಏಳನೇ ಬಾರ್‌ನಲ್ಲೂ ಹೀಗೇ: ಗ, ನಿ, ಗ. ಮೈನರ್ ಬಂದಾಗ ಸಾಧಾರಣ ಗಾಂಧಾರ, ಮೇಜರ್ ಬಂದಾಗ ಅಂತರ ಗಾಂಧಾರ. ಟ್ಯೂನು ಅಲುಗದೆ ನಿಂತಿರುತ್ತದೆ, ಕೆಳಗಿನ ಸ ಜಾಗ ಬಿಟ್ಟು ಹೋಗುತ್ತದೆ. ಒಂದೇ ಶ್ರುತಿಗೆ ಒಗ್ಗಿದ್ದ ನನ್ನ ಕಿವಿಗೆ ಇದು ಮೈ ಜುಮ್ಮೆನ್ನಿಸುವಂಥ ಅನುಭವ. ಆ ಸಂಜೆ ಮೊದಲ ಏಳು ಬಾರ್‌ಗಳನ್ನೇ ಎಷ್ಟು ಸಲ ನುಡಿಸಿದೆನೋ ಲೆಕ್ಕವಿಲ್ಲ.

ಇಷ್ಟು ಗೊತ್ತಾದ ಮೇಲೆ ಕಾರ್ಡ್ ಹುಡುಕುವುದು ಸುಲಭವಾಯಿತು. ಮೇಲಿನ ಸ್ವರ ಇದಿರಬೇಕು, ಕೆಳಗೆ ಕಾರ್ಡಿನ ಉಳಿದ ಸ್ವರಗಳು ಕೈಗೆ ಸಿಗುವಷ್ಟು ಹತ್ತಿರ ಇರಬೇಕು. ನಾಲ್ಕನೇ ತಂತಿಯಿಂದ ಒಂದನೆಯದಕ್ಕೆ ಫ್ರೆಟ್‌ಗಳನ್ನು ಓದಿದರೆ ಎ ಮೈನರ್ 7 ಹೀಗೆ: 7, 9, 8, 8. ಡಿ 7: 7, 7, 7, 8. ಜಿ ಮೇಜರ್ 7: 5, 7, 7, 7. ಗಿಟಾರ್ ಇರುವವರು ಈಗಲೇ ಹಿಡಿದು ನೋಡಿ. ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವಾಗ ನಡುವಿನ ಎರಡು ತಂತಿಗಳ ಸ್ವರ ಮಾತ್ರ ಇಳಿಯುತ್ತದೆ. ಎರಡನೆಯದರಿಂದ ಮೂರನೆಯದಕ್ಕೆ ಹೋಗುವಾಗ ಆ ನಡುವಿನವು ಅಲ್ಲೇ ಇರುತ್ತವೆ, ಹೊರಗಿನ ಎರಡು ಇಳಿಯುತ್ತವೆ. ಮುಂದೆ ಸಿ ಮೇಜರ್ 7 (5, 5, 5, 7), ಎಫ್ ಶಾರ್ಪ್ ಹಾಫ್ ಡಿಮಿನಿಷ್ಡ್ (4, 5, 5, 5), ಬಿ 7 (4, 4, 4, 5), ಇ ಮೈನರ್ 7 (2, 4, 3, 3). ಮೆಟ್ಟಿಲು ಇಳಿದ ಹಾಗೆ ಕೈ ತಾನಾಗಿ ಕೆಳಗೆ ಬರುತ್ತದೆ. ಹೊರಗಿನವರ ಸರದಿ, ಒಳಗಿನವರ ಸರದಿ. ಇದನ್ನು ಉರು ಹೊಡೆಯುವ ಅಗತ್ಯವೇ ಬೀಳಲಿಲ್ಲ.

ಇ ಮೈನರ್ ಆರಿಸಿದ್ದರ ಲಾಭ ಬೇಸ್‌ನಲ್ಲಿ ಸಿಕ್ಕಿತು. ಎ ಮೈನರ್‌ಗೆ ಐದನೇ ತಂತಿ ಖಾಲಿಯಾಗಿ ಮೀಟಿದರೆ ಸಾಕು, ಇ ಮೈನರ್‌ಗೆ ಆರನೆಯದು. ಎಡಗೈ ಮೇಲೆ ಎಲ್ಲೋ ಇದ್ದರೂ ತಳ ಗಟ್ಟಿ ಇರುತ್ತದೆ.

ಬಲಗೈಗೆ ನಾನು ಪಿಕ್ (ತಂತಿ ಮೀಟುವ ಬಿಲ್ಲೆ) ಬಿಟ್ಟು ಬೆರಳುಗಳನ್ನೇ ಬಳಸಿದೆ. ನಾಲ್ಕು ತಂತಿಗೆ ಹೆಬ್ಬೆರಳು, ತೋರು, ಮಧ್ಯ, ಉಂಗುರ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದಾಗ ಬೇಸರವಾಯಿತು, ಟ್ಯೂನು ಕಾರ್ಡಿನೊಳಗೆ ಮುಳುಗಿ ಹೋಗಿತ್ತು. ನುಡಿಸುವವನ ಮನಸ್ಸಿನಲ್ಲಿ ಹಾಡು ಓಡುತ್ತಿರುತ್ತದೆ, ಅದಕ್ಕೇ ಕೇಳುವವರಿಗೂ ಕೇಳಿಸುತ್ತಿದೆ ಅಂದುಕೊಂಡುಬಿಡುತ್ತಾನೆ. ಉಂಗುರ ಬೆರಳಿಗೆ ಜಾಸ್ತಿ ತೂಕ, ಉಳಿದ ಮೂರಕ್ಕೆ ಕಡಿಮೆ. ಒಂದೇ ಕಾರ್ಡ್ ಹಿಡಿದು ದಿನಕ್ಕೆ ಹತ್ತು ನಿಮಿಷ ಇದನ್ನೇ ಮಾಡಿದೆ. ಸುಮಾರು ಎರಡು ತಿಂಗಳಿಗೆ ಟ್ಯೂನು ಮೇಲೆ ಬಂತು. ಕಲಿಯುವವರಿಗೆ ನಾನು ಒಂದೇ ಒಂದು ಸಾಧನೆ ಹೇಳಬೇಕಾದರೆ ಇದನ್ನೇ ಹೇಳುತ್ತೇನೆ.

ನನ್ನ ಇನ್ನೊಂದು ದೊಡ್ಡ ತಪ್ಪು, ಟ್ಯೂನಿನ ಪ್ರತಿ ಸ್ವರಕ್ಕೂ ಕಾರ್ಡ್ ಹಾಕುತ್ತಿದ್ದುದು. ಹಾಡು ಭಾರ ಹೊತ್ತವರ ಹಾಗೆ ತೇಕುತ್ತಿತ್ತು. ಜೋ ಪಾಸ್ 1973ರಲ್ಲಿ ಒಬ್ಬರೇ ಗಿಟಾರ್ ನುಡಿಸಿ ರೆಕಾರ್ಡ್ ಮಾಡಿದ 'ವರ್ಚುಯೋಸೊ' ಆಲ್ಬಮನ್ನು ಕೂತು ಗಮನವಿಟ್ಟು ಕೇಳಿದೆ. ಅವರು ಎಷ್ಟೋ ಕಡೆ ಟ್ಯೂನನ್ನು ಒಂಟಿಯಾಗಿ ಬಿಡುತ್ತಾರೆ. ಒಂದು ಕಾರ್ಡ್, ಆಮೇಲೆ ಒಂದೆಳೆ ಸ್ವರಗಳ ಓಟ, ನಡುವೆ ಬೇಸ್‌ನ ಒಂದು ಮಾತು. ಮೂರೂ ಒಟ್ಟಿಗೆ ಬರುವುದು ಕಡಿಮೆ, ಆದರೂ ಮೂರೂ ಇವೆ ಅಂತ ನಮ್ಮ ಕಿವಿ ನಂಬುತ್ತದೆ. ಅಂದಿನಿಂದ ಬಾರ್‌ನ ಮೊದಲ ಏಟಿಗೆ ಮಾತ್ರ ಕಾರ್ಡ್ ಇಟ್ಟೆ. ಹತ್ತುವ ಮೂರು ಸ್ವರಗಳನ್ನು ಬರಿದಾಗಿ ಬಿಟ್ಟೆ.

ಹಾಡಿನ ಕೊನೆಯ ಎಂಟು ಬಾರ್‌ಗಳಲ್ಲಿ ಒಂದು ಕಷ್ಟದ ಜಾಗವಿದೆ. ಇ ಮೈನರ್ 7, ಇ ಫ್ಲ್ಯಾಟ್ 7, ಡಿ ಮೈನರ್ 7, ಡಿ ಫ್ಲ್ಯಾಟ್ 7, ಎರಡೆರಡು ಏಟಿಗೆ ಒಂದೊಂದು. ನಾಲ್ಕು ತಂತಿಯ ಕಾರ್ಡ್ ಹಿಡಿಯಲು ಹೋಗಿ ಮೂರು ವಾರ ಅಲ್ಲೇ ಸಿಕ್ಕಿಕೊಂಡೆ. ಕೊನೆಗೆ ಬೇಸ್, ಗ, ಮೇಲೆ ಟ್ಯೂನು, ಇಷ್ಟೇ ಉಳಿಸಿಕೊಂಡೆ. ಬೇಸ್ ಒಂದೊಂದೇ ಫ್ರೆಟ್ ಇಳಿಯುವುದು ಆಗಲೇ ಚೆನ್ನಾಗಿ ಕೇಳಿಸಿತು.

ಆರು ತಿಂಗಳ ನಂತರ ಎರಡನೇ ಹಾಡು ಹಿಡಿದೆ, ಜೆರೋಮ್ ಕರ್ನ್ 1939ರಲ್ಲಿ ಮಾಡಿದ 'ಆಲ್ ದ ಥಿಂಗ್ಸ್ ಯು ಆರ್'. ಹೆಸರು ಕೇಳಿದರೇ ಹೆದರಿಕೆ, ಅಷ್ಟು ಸಲ ಅದರಲ್ಲಿ ಶ್ರುತಿ ಬದಲಾಗುತ್ತದೆ. ಮೊದಲು ಹಾಡಿದೆ, ಆಮೇಲೆ ಸಣ್ಣ ತಂತಿಗಳ ಮೇಲೆ ಟ್ಯೂನು ನುಡಿಸಿದೆ. ಮೊದಲ ಕಾರ್ಡ್ ಎಫ್ ಮೈನರ್ 7, ಮೇಲೆ ಎ ಫ್ಲ್ಯಾಟ್. ಗ! ಎರಡನೆಯದು ಬಿ ಫ್ಲ್ಯಾಟ್ ಮೈನರ್ 7, ಮೇಲೆ ಡಿ ಫ್ಲ್ಯಾಟ್. ಮತ್ತೆ ಗ. ಇ ಫ್ಲ್ಯಾಟ್ 7 ಮೇಲೆ ಜಿ, ಎ ಫ್ಲ್ಯಾಟ್ ಮೇಜರ್ 7 ಮೇಲೆ ಸಿ, ಎಲ್ಲ ಕಡೆ ಗ. ಆಟಮ್ ಲೀವ್ಸ್‌ನ ಎ ಮೈನರ್ ಆಕಾರವನ್ನೇ ನಾಲ್ಕು ಫ್ರೆಟ್ ಇಳಿಸಿದರೆ ಮೊದಲ ಕಾರ್ಡ್ ಸಿಕ್ಕಿತು. ಆ ಎ ಮೈನರ್ ಆಕಾರವನ್ನೇ ಅದರ ಮೂಲ ಜಾಗದಿಂದ ಒಂದು ಫ್ರೆಟ್ ಏರಿಸಿದರೆ ಎರಡನೆಯದು. ಜಿ ಮೇಜರ್ ಆಕಾರ ಒಂದು ಫ್ರೆಟ್ ಮೇಲೆ ಹೋದರೆ ನಾಲ್ಕನೆಯದು. ಆ ರಾತ್ರಿಯೇ ಮೊದಲ ಎಂಟು ಬಾರ್ ಕೈಗೆ ಬಂದವು. ಮುಂದಿನ ಭಾನುವಾರ ಅಕ್ಕನ ಮನೆಯಲ್ಲಿ ನುಡಿಸುವಾಗ ನಡುವೆ ಒಂದು ಕಾರ್ಡ್ ತಪ್ಪಿತು. ಟ್ಯೂನು ಹಿಡಿದುಕೊಂಡೇ ಮುಂದಿನ ಬಾರ್‌ಗೆ ಹೋದೆ.