ಇಂಗ್ಲಿಷ್ ನುಡಿಗಟ್ಟುಗಳ ಹಿಂದಿನ ಚಿತ್ರವನ್ನು ಕಾಣುವುದು ಹೇಗೆ?

'ಫ್ಲ್ಯಾಶ್ ಇನ್ ದ ಪ್ಯಾನ್' ಎಂಬ ಇಂಗ್ಲಿಷ್ ನುಡಿಗಟ್ಟನ್ನು ಮೊದಲ ಸಲ ಓದಿದವರ ಮನಸ್ಸಿಗೆ ಬರುವುದು ಅಡುಗೆಯ ಬಾಣಲೆ. ನಿಘಂಟು 'ಕ್ಷಣಿಕ ಯಶಸ್ಸು' ಎಂದು ಹೇಳಿ ಮುಗಿಸುತ್ತದೆ. ಬಾಣಲೆಗೂ ಯಶಸ್ಸಿಗೂ ಏನು ನಂಟೆಂದು ತಿಳಿಯದೆ ಕಲಿಯುವವರು ಅದನ್ನು ಬಾಯಿಪಾಠ ಮಾಡುತ್ತಾರೆ, ವಾರದೊಳಗೆ ಮರೆಯುತ್ತಾರೆ. ಇಲ್ಲಿನ ಪ್ಯಾನ್ ಚಕಮಕಿ ಕಲ್ಲಿನ ಹಳೆಯ ಬಂದೂಕಿನದು. ಬಂದೂಕಿನ ಪಕ್ಕದ ಪುಟ್ಟ ಬಟ್ಟಲಿನಲ್ಲಿ ಸ್ವಲ್ಪ ಮದ್ದು ಹಾಕಿರುತ್ತಿದ್ದರು. ಕಿಡಿ ತಾಗಿ ಅದು ಹೊತ್ತಿಕೊಂಡು, ಸಣ್ಣ ರಂಧ್ರದ ಮೂಲಕ ನಳಿಗೆಯೊಳಗಿನ ಮದ್ದಿಗೆ ಬೆಂಕಿ ದಾಟಿದರೆ ಮಾತ್ರ ಗುಂಡು ಹಾರುತ್ತಿತ್ತು. ದಾಟದಿದ್ದಾಗ ಬಟ್ಟಲಿನಲ್ಲಿ ಭಗ್ಗೆಂದು ಬೆಳಕು ಕಾಣುತ್ತಿತ್ತೇ ಹೊರತು ಗುಂಡು ಹೊರಡುತ್ತಿರಲಿಲ್ಲ. ಆದ್ದರಿಂದ ಆರಂಭದಲ್ಲಿ ಆಸೆ ಹುಟ್ಟಿಸಿ ಮುಂದೆ ಏನೂ ಆಗದೆ ಉಳಿದುದಕ್ಕೆ ಈ ಮಾತು ಸಲ್ಲುತ್ತದೆ. ಹತ್ತು ವರ್ಷ ಮೆರೆದು ಆಮೇಲೆ ಮರೆಯಾದವರಿಗೆ ಸಲ್ಲುವುದಿಲ್ಲ. ನಿಘಂಟಿನ ಎರಡು ಪದಗಳು ಹೇಳದ ಈ ಎಲ್ಲೆಯನ್ನು ಚಿತ್ರ ಹೇಳುತ್ತದೆ.

ಹಾಗಾಗಿ ಹೊಸ ನುಡಿಗಟ್ಟು ಎದುರಾದಾಗ ಅರ್ಥ ಕೇಳುವ ಮೊದಲು, ಇದು ಯಾವ ಕಸುಬಿನವರ ಬಾಯಿಂದ ಬಂದ ಮಾತು ಎಂದು ಕೇಳಿಕೊಳ್ಳಬೇಕು. ಇಂಗ್ಲಿಷಿನಲ್ಲಿ ಈ ಪ್ರಶ್ನೆಗೆ ಮತ್ತೆ ಮತ್ತೆ ಸಿಗುವ ಉತ್ತರ ಹಾಯಿಹಡಗು. ಗಾಳಿ ಇದ್ದಕ್ಕಿದ್ದಂತೆ ಎದುರಿನಿಂದ ಬೀಸಿ ಹಾಯಿಯನ್ನು ಕಂಬಕ್ಕೆ ಒತ್ತಿದರೆ ಹಡಗು ಮುಂದೆ ಸಾಗಲಾರದು; 'ಟೇಕನ್ ಅಬ್ಯಾಕ್' ಎಂಬುದು ಹಾಗೆ ಮನುಷ್ಯನನ್ನು ನಿಂತಲ್ಲೇ ನಿಲ್ಲಿಸುವ ಅಚ್ಚರಿ. ಕುಡಿದು ತೂರಾಡುವವನನ್ನು 'ತ್ರೀ ಶೀಟ್ಸ್ ಟು ದ ವಿಂಡ್' ಎನ್ನುತ್ತಾರೆ. ಇಲ್ಲಿ ಶೀಟ್ ಎಂದರೆ ಹಾಸುಬಟ್ಟೆಯೂ ಅಲ್ಲ, ಹಾಯಿಯೂ ಅಲ್ಲ, ಹಾಯಿಯನ್ನು ಹಿಡಿತದಲ್ಲಿಡುವ ಹಗ್ಗ. ಅಂಥ ಹಗ್ಗಗಳು ಬಿಟ್ಟುಹೋದರೆ ಹಾಯಿ ಪಟಪಟನೆ ಬಡಿದು ಹಡಗು ಓಲಾಡುತ್ತದೆ. ಕುದುರೆ ಪಂದ್ಯದಿಂದಲೂ ಇಂಥ ಮಾತುಗಳು ಬಂದಿವೆ. ಬಹಳ ಮುಂದಿರುವ ಸವಾರ ಲಗಾಮು ಸಡಿಲಿಸಿ ಕೈ ಇಳಿಬಿಟ್ಟು ಗೆಲ್ಲುವುದೇ 'ವಿನ್ ಹ್ಯಾಂಡ್ಸ್ ಡೌನ್', ಆದ್ದರಿಂದ ಏದುಸಿರು ಬಿಟ್ಟು ಗೆದ್ದ ಗೆಲುವಿಗೆ ಅದನ್ನು ಬಳಸಲಾಗದು.

ಒಂದೇ ಪದ ಬೇರೆ ಬೇರೆ ಕಸುಬುಗಳಿಂದ ಬಂದಿರಬಹುದು ಎಂಬುದನ್ನು ಹಗ್ಗದ ಉದಾಹರಣೆಯೇ ತೋರಿಸುತ್ತದೆ. 'ಲರ್ನ್ ದ ರೋಪ್ಸ್' ಎಂದರೆ ಕೆಲಸದ ಒಳಹೊರಗು ಕಲಿಯುವುದು. ಹೊಸ ನಾವಿಕ ಯಾವ ಹಗ್ಗ ಯಾವ ಹಾಯಿಯದೆಂದು ಕಲಿಯುವ ಚಿತ್ರ ಅಲ್ಲಿದೆ. 'ಆನ್ ದ ರೋಪ್ಸ್' ಎಂದರೆ ಸೋಲಿನ ಅಂಚಿನಲ್ಲಿರುವುದು. ಅಲ್ಲಿ ಕಾಣುವುದು ಏಟು ತಿಂದು ಕಣದ ಹಗ್ಗಕ್ಕೆ ಒರಗಿದ ಬಾಕ್ಸರ್. ಎರಡನ್ನೂ ಒಂದೇ ಚಿತ್ರದಲ್ಲಿ ನೆನಪಿಡಲು ಹೋದರೆ ಎರಡೂ ಕೆಡುತ್ತವೆ.

ಚಿತ್ರ ತಿಳಿಯದಿದ್ದರೆ ಕಾಗುಣಿತವೂ ತಪ್ಪುತ್ತದೆ. 'ಟೋ ದ ಲೈನ್' ಎಂದರೆ ಗೆರೆಗೆ ಕಾಲ್ಬೆರಳನ್ನು ಸರಿಯಾಗಿ ತಾಗಿಸಿ ನಿಲ್ಲುವುದು, ಅಂದರೆ ಹೇಳಿದ ಶಿಸ್ತಿಗೆ ಒಳಪಡುವುದು. ವಾಹನ ಎಳೆಯುವುದಕ್ಕೂ ಉಚ್ಚಾರ ಅದೇ ಆದ್ದರಿಂದ ಇಂಗ್ಲಿಷ್ ಮಾತೃಭಾಷೆಯವರೂ ಆ ಪದವನ್ನು ಬರೆದು ಎಡವುತ್ತಾರೆ. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ಆಗಿ ಕಾಣುವುದರಿಂದ ಇಲ್ಲಿ ನನಗಂತೂ ಆ ಅಪಾಯವಿಲ್ಲ.

ನಮ್ಮ ಭಾಷೆಯ ಚಿತ್ರ ಕೆಲವೊಮ್ಮೆ ನೆರವಾಗುತ್ತದೆ, ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಇನ್ನೊಬ್ಬರ ವಿಷಯದಲ್ಲಿ ಮೂಗು ತೂರಿಸುವುದು ಎರಡೂ ಭಾಷೆಗಳಲ್ಲಿದೆ. ಕಾಲೆಳೆಯುವುದು ಹಾಗಲ್ಲ: ಕನ್ನಡದಲ್ಲಿ ಅದಕ್ಕೆ ಮೇಲೇರುವವರನ್ನು ಕೆಳಕ್ಕೆ ಜಗ್ಗುವ ಅರ್ಥವೂ ಉಂಟು, ಆದರೆ ಇಂಗ್ಲಿಷಿನ 'ಪುಲ್ ಸಮ್‌ವನ್ಸ್ ಲೆಗ್' ಸುಳ್ಳು ಹೇಳಿ ನಂಬಿಸುವ ತಮಾಷೆಯಷ್ಟೇ. ಪರಿಚಿತ ಎನಿಸುವ ನುಡಿಗಟ್ಟನ್ನೇ ಹೆಚ್ಚು ಅನುಮಾನದಿಂದ ನೋಡಬೇಕು.

ನುಡಿಗಟ್ಟುಗಳನ್ನು ಅಕ್ಷರಾನುಕ್ರಮದಲ್ಲಿ ಬರೆದಿಡುವುದಕ್ಕಿಂತ ಚಿತ್ರದ ಪ್ರಕಾರ ಗುಂಪು ಮಾಡುವುದು ಲೇಸು. ನಾವು ಅಮೂರ್ತವಾದುದನ್ನು ಕಣ್ಣಿಗೆ ಕಾಣುವ ವಸ್ತುಗಳ ಮೂಲಕವೇ ಯೋಚಿಸುತ್ತೇವೆ ಎಂದು ಭಾಷಾವಿಜ್ಞಾನಿ ಜಾರ್ಜ್ ಲೇಕಾಫ್ ಮತ್ತು ತತ್ವಶಾಸ್ತ್ರಜ್ಞ ಮಾರ್ಕ್ ಜಾನ್ಸನ್ 1980ರಲ್ಲಿ ವಾದಿಸಿದರು. ಕೋಪವನ್ನೇ ನೋಡಿ: ಇಂಗ್ಲಿಷಿನಲ್ಲಿ ಅದು ಮುಚ್ಚಿದ ಪಾತ್ರೆಯೊಳಗೆ ಕಾಯುತ್ತಿರುವ ದ್ರವ. ಒಳಗೊಳಗೇ ಕುದಿಯುವುದು 'ಸಿಮರ್', ಉಕ್ಕಿ ಹರಿಯುವುದು 'ಬಾಯಿಲ್ ಓವರ್', ಮುಚ್ಚಳವೇ ಹಾರಿಹೋಗುವುದು 'ಬ್ಲೋ ಯುವರ್ ಟಾಪ್'. ಈ ಸಾಲಿನಲ್ಲಿ ಕೋಪದ ಏರಿಕೆಯೂ ಕಾಣುತ್ತದೆ. 'ಲೆಟ್ ಆಫ್ ಸ್ಟೀಮ್' ಮಾತ್ರ ಬೇರೆ: ಸಿಡಿಯದಿರಲೆಂದು ಆವಿಯನ್ನು ಬೇಕೆಂದೇ ಹೊರಬಿಡುವ ಚಿತ್ರ ಅದರದಾದ್ದರಿಂದ, ದಣಿದ ದಿನದ ಕೊನೆಯಲ್ಲಿ ಆಡಿ ಓಡಿ ಮನಸ್ಸು ಹಗುರ ಮಾಡಿಕೊಳ್ಳುವುದಕ್ಕೂ ಆ ಮಾತು ಒಪ್ಪುತ್ತದೆ.

ಚಿತ್ರ ಹುಡುಕುವ ಹುರುಪಿನಲ್ಲಿ ಕಟ್ಟುಕತೆಗೆ ಬಲಿಯಾಗಬಾರದು. 'ಸ್ಪಿಲ್ ದ ಬೀನ್ಸ್' ಪ್ರಾಚೀನ ಗ್ರೀಸಿನಲ್ಲಿ ಕಾಳುಗಳಿಂದ ಮತ ಹಾಕುತ್ತಿದ್ದುದರಿಂದ ಬಂತೆಂಬ ಕತೆ ಬಹಳ ಓಡಾಡುತ್ತದೆ. ಗುಟ್ಟು ಬಿಟ್ಟುಕೊಡುವ ಅರ್ಥದಲ್ಲಿ ಆ ಮಾತು ಚಾಲ್ತಿಗೆ ಬಂದದ್ದು 20ನೇ ಶತಮಾನದ ಆರಂಭದ ಅಮೆರಿಕದಲ್ಲಿ. ನಡುವಿನ ಎರಡು ಸಾವಿರ ವರ್ಷ ಅದು ಎಲ್ಲಿ ಅಡಗಿತ್ತೆಂದು ಕತೆ ಹೇಳುವವರು ಹೇಳುವುದಿಲ್ಲ. ಮೂಲದ ಕಾಲವನ್ನೂ ಹಳೆಯ ಬಳಕೆಗಳನ್ನೂ ಕೊಡುವ ದೊಡ್ಡ ನಿಘಂಟಿನಲ್ಲಿ ಒಮ್ಮೆ ನೋಡಿದರೆ ಸಾಕು. ಸುಳ್ಳೆಂದು ತಿಳಿದ ಕತೆಯನ್ನು ನೆನಪಿನ ಕೊಕ್ಕೆಯಾಗಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಇತಿಹಾಸವೆಂದು ಇನ್ನೊಬ್ಬರಿಗೆ ಹೇಳಬಾರದು ಅಷ್ಟೆ.

ಕೆಲವು ನುಡಿಗಟ್ಟುಗಳ ಚಿತ್ರ ಪೂರ್ತಿ ಅಳಿಸಿಹೋಗಿದೆ. ಸಾಯುವುದಕ್ಕೆ 'ಕಿಕ್ ದ ಬಕೆಟ್' ಎನ್ನುವವರ ಕಣ್ಣಮುಂದೆ ಇಂದು ಯಾವ ಬಕೆಟ್ಟೂ ಇರುವುದಿಲ್ಲ. ಅಂಥವನ್ನು ಬಾಯಿಪಾಠವೇ ಮಾಡಬೇಕು, ಪಕ್ಕದಲ್ಲಿ ಮಾತಿನ ಧಾಟಿಯನ್ನೂ ಗುರುತು ಮಾಡಿಕೊಳ್ಳಬೇಕು: ಇದು ಗೆಳೆಯರ ನಡುವಿನ ಹಗುರ ಮಾತು, ಸಂತಾಪಪತ್ರದಲ್ಲಿ ಬರೆಯುವಂಥದ್ದಲ್ಲ.