ಕಿಟ್ ಕಾರಿಗೆ ಹಿಂದಿನ ಬುಷ್ ಕೂರಿಸುವುದು ಹೇಗೆ?

ಬಿಡಿಭಾಗ ತಂದು ಮನೆಯಲ್ಲೇ ಕಾರು ಕಟ್ಟುವವರಿಗೆ ಎಂಜಿನ್ ಮೇಲೆಯೇ ಕಣ್ಣು. ಹಿಂದಿನ ಸಸ್ಪೆನ್ಷನ್ ಬುಷ್ ಅಂದರೆ ತಾತ್ಸಾರ. ಆದರೆ ಹಿಂದಿನ ಚಕ್ರ ನೆಟ್ಟಗೆ ನಿಲ್ಲುವುದು ಇದೇ ಸಣ್ಣ ವಸ್ತುವಿನಿಂದ.

ಬುಷ್ ಅಂದರೆ ಒಂದರೊಳಗೊಂದು ಉಕ್ಕಿನ ಎರಡು ಸ್ಲೀವ್ (ಗಿಡ್ಡ ಕೊಳವೆ), ನಡುವೆ ಎರಡಕ್ಕೂ ಅಂಟಿಕೊಂಡ ರಬ್ಬರ್. ಚಕ್ರ ಮೇಲೆ ಕೆಳಗೆ ಆಡುವಾಗ ಇಲ್ಲಿ ಏನೂ ಜಾರುವುದಿಲ್ಲ, ರಬ್ಬರೇ ತಿರುಚಿಕೊಳ್ಳುತ್ತದೆ.

ಮೊದಲು ಆರ್ಮ್‌ನಲ್ಲಿ, ಅಂದರೆ ಚಕ್ರವನ್ನು ಚಾಸಿಗೆ (ಕಾರಿನ ಚೌಕಟ್ಟಿಗೆ) ಸೇರಿಸುವ ತೋಳಿನಲ್ಲಿ, ಬುಷ್ ಕೂರುವ ತೂತು ನೋಡಿ. ಒಳಗೆ ಬಣ್ಣ ಕೂತಿದ್ದರೆ ಎಮರಿ ಕಾಗದದಿಂದ ಉಜ್ಜಿ ತೆಗೆಯಿರಿ. ಅಂಚಿನ ಚೂಪನ್ನು ಅರದಿಂದ ಸವರಿ. ವೆಲ್ಡಿಂಗ್ ಕಾವಿಗೆ ತೂತು ಸೊಟ್ಟಗಾಗಿರುವುದೂ ಉಂಟು. ವರ್ನಿಯರ್ ಹಿಡಿದು ಅಡ್ಡ, ಉದ್ದ ಎರಡೂ ಕಡೆ ಅಳೆಯಿರಿ. ವ್ಯತ್ಯಾಸ ಕಂಡರೆ ಹುಬ್ಬಳ್ಳಿಯ ಗೋಕುಲ ರೋಡ್ ಕಡೆಯ ಯಾವುದಾದರೂ ಲೇತ್ ಅಂಗಡಿಗೆ ಒಯ್ಯಿರಿ, ಸುಮ್ನೆ ಒತ್ತಾಯದಿಂದ ತುರುಕಬೇಡಿ.

ಬುಷ್ ಕೂರಿಸಲು ಸುತ್ತಿಗೆ ಬೇಡ. ಗಟ್ಟಿ ಬೆಂಚ್ ವೈಸ್, ಪಾನಾ ಸೆಟ್ಟಿನ ಎರಡು ಸಾಕೆಟ್ ಇದ್ದರೆ ಸಾಕು. ವೈಸ್ ಇಲ್ಲದಿದ್ದರೆ ಉದ್ದನೆಯ ಹೈ ಟೆನ್ಸೈಲ್ (ಗಟ್ಟಿ ಉಕ್ಕಿನ) ಬೋಲ್ಟ್, ನಟ್, ದಪ್ಪ ವಾಷರ್ ತನ್ನಿ; ಎಲ್ಲದರೊಳಗೂ ಬೋಲ್ಟ್ ತೂರಿಸಿ ನಟ್ ಬಿಗಿದರೆ ಅದೇ ಬುಷ್ ಒತ್ತುತ್ತದೆ. ಒತ್ತುವ ಸಾಕೆಟ್ ಹೊರ ಸ್ಲೀವ್‌ನ ಅಂಚಿನ ಮೇಲೆಯೇ ಕೂರಬೇಕು. ಒಳ ಸ್ಲೀವ್ ಮೇಲೆ ಒತ್ತಿದರೆ ರಬ್ಬರ್ ಹರಿಯುತ್ತದೆ. ಆಚೆ ಬದಿಯ ಸಾಕೆಟ್ ಬುಷ್‌ಗಿಂತ ದೊಡ್ಡದಿರಲಿ. ತೂತಿಗೆ ಸ್ವಲ್ಪ ಸೋಪಿನ ನೀರು ಸವರಿ. ಎಂಜಿನ್ ಆಯಿಲ್, ಮಾಮೂಲಿ ಗ್ರೀಸ್ ಬೇಡವೇ ಬೇಡ, ರಬ್ಬರ್ ಉಬ್ಬುತ್ತದೆ. ಬುಷ್ ಓರೆಯಾಗಿ ಹೊಕ್ಕರೆ ಹೊರಗೆ ತೆಗೆದು ಮತ್ತೆ ಶುರು ಮಾಡಿ.

ಆರ್ಮ್ ಚಾಸಿಗೆ ಸೇರಿತು, ಬೋಲ್ಟ್ ಹಾಕಿದಿರಿ. ಈಗ ಪಾನಾ ಹಿಡಿದು ಬಿಗಿದುಬಿಡೋಣ ಅನ್ನಿಸುತ್ತದೆ ಅಲ್ವಾ? ಅದನ್ನೇ ಮಾಡಬಾರದು. ಬೋಲ್ಟ್ ಬಿಗಿಯಾದಾಗ ಒಳ ಸ್ಲೀವ್ ಚಾಸಿಗೆ ಕಚ್ಚಿಕೊಳ್ಳುತ್ತದೆ. ಆರ್ಮ್ ಜೋತುಬಿದ್ದಾಗ ಬಿಗಿದರೆ, ಕಾರು ನೆಲಕ್ಕಿಳಿದ ಕೂಡಲೇ ರಬ್ಬರ್ ತಿರುಚಿಕೊಂಡು, ಹಿಂಡಿಟ್ಟ ಅರಿವಿಯ ಹಾಗೆ ಸದಾ ಅದೇ ಸ್ಥಿತಿಯಲ್ಲಿರುತ್ತದೆ. ಗುಂಡಿ ಬಂದಾಗ ಇನ್ನೂ ಜಾಸ್ತಿ ತಿರುಚಬೇಕು. ಹೊಸ ಬುಷ್ ಬೇಗ ಸೀಳುವುದು ಹೀಗೆ. ಕಾರು ನಿಲ್ಲುವ ಎತ್ತರವೂ ತಪ್ಪುತ್ತದೆ.

ಕಂಪನಿ ಕಾರಾದರೆ ಜಾಕ್‌ನಿಂದ ಇಳಿಸಿ, ಚಕ್ರದ ಮೇಲೆ ನಿಲ್ಲಿಸಿ ಬಿಗಿಯಬಹುದು. ಅರ್ಧ ಕಟ್ಟಿದ ಕಾರಿಗೆ ಆ ಭಾರ ಎಲ್ಲಿಂದ ಬರಬೇಕು? ಎಂಜಿನ್ ಇಲ್ಲ, ಬಾಡಿ ಇಲ್ಲ, ಸೀಟೂ ಇಲ್ಲ. ಹಾಗಾಗಿ ನಟ್ಟನ್ನು ಕೈಬಿಗಿಯಷ್ಟೇ ತಿರುಗಿಸಿ, ಮರೆಯದಂತೆ ಪ್ರತಿ ಬೋಲ್ಟಿಗೂ ಕೆಂಪು ದಾರ ಕಟ್ಟಿ. ಕಾರು ಪೂರ್ತಿಯಾದ ಮೇಲೆ ನೆಲಕ್ಕಿಳಿಸಿ, ಹಿಂದಕ್ಕೆ ಮುಂದಕ್ಕೆ ಸ್ವಲ್ಪ ಉರುಳಿಸಿ. ಆಮೇಲೆ ಕಿಟ್‌ನ ಪುಸ್ತಕದಲ್ಲಿ ಹೇಳಿದಷ್ಟು ಟಾರ್ಕ್ ರೆಂಚ್‌ನಿಂದ (ಬಿಗಿತ ಅಳೆಯುವ ಪಾನಾ) ಬಿಗಿದು ದಾರ ಬಿಚ್ಚಿ. ಕಾರಿನಡಿ ಕೈ ಹಾಕುವ ಮುನ್ನ ನಾಲ್ಕೂ ಚಕ್ರವನ್ನು ಗಟ್ಟಿ ರ‍್ಯಾಂಪ್ ಮೇಲೆ ನಿಲ್ಲಿಸಿ, ಉರುಳದಂತೆ ಅಡ್ಡ ಕೊಡಿ. ಬರೀ ಜಾಕ್ ನಂಬಬೇಡಿ.

ರಬ್ಬರ್ ಬದಲು ಪಾಲಿಯುರೆಥೇನ್ (ಒಂದು ಬಗೆಯ ಪ್ಲಾಸ್ಟಿಕ್) ಇರುವ ಬುಷ್‌ಗೆ ಈ ತಾಪತ್ರಯ ಕಡಿಮೆ, ಸಾಮಾನ್ಯವಾಗಿ ಅದರಲ್ಲಿ ಒಳ ಸ್ಲೀವ್ ತಿರುಗುತ್ತದೆ. ಸಿಲಿಕೋನ್ ಗ್ರೀಸ್ ಮಾತ್ರ ಬೇಕೇ ಬೇಕು. ನವಲಗುಂದ ಕಡೆಯ ಎರೆ ಮಣ್ಣಿನ ದಾರಿಯಲ್ಲಿ ಓಡಾಡುವ ಗಾಡಿಗೆ ನಾನು ರಬ್ಬರನ್ನೇ ಹೇಳುವೆ. ಧೂಳು ಹೊಕ್ಕರೆ ಪಾಲಿ ಬುಷ್ ಕಿರ್ರೆನ್ನತೊಡಗುತ್ತದೆ.