ತುಂಗೆಯ ದಂಡೆಯಲ್ಲಿ ಅರ್ಧ ದಿನದ ತಿರುಗಾಟ

ಶಿವಮೊಗ್ಗದಲ್ಲಿ ಮನೆ ಮಾಡಿಕೊಂಡಿರುವವರನ್ನು ನೆಂಟರು ಮೊದಲು ಕೇಳುವುದು ಜೋಗದ ವಿಷಯವನ್ನೇ. ನೀರು ಹೇಗಿದೆ, ಯಾವಾಗ ಕರೆದುಕೊಂಡು ಹೋಗುತ್ತೀರಿ ಎನ್ನುವುದರಾಚೆಗೆ ಈ ಊರಿನ ಸುತ್ತ ನೋಡುವಂಥದ್ದು ಇನ್ನೇನಾದರೂ ಇದ್ದೀತು ಎಂಬ ಯೋಚನೆ ಅವರಿಗೆ ಬರುವುದು ಕಡಿಮೆ. ಜೋಗ ನಮ್ಮೂರಿನಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿದೆ. ಹೋಗಿ ಬರುವುದರಲ್ಲೇ ದಿನದ ಬಹುಪಾಲು ಕಾರಿನೊಳಗೆ ಕಳೆಯುತ್ತದೆ. ಮಂಡಿನೋವಿರುವ ಅತ್ತೆಯವರು ಮತ್ತು ಆನಂದಪುರ ದಾಟುವ ಮೊದಲೇ ಹೊಟ್ಟೆ ತೊಳಸುತ್ತದೆ ಎನ್ನುವ ಮಗನಿರುವ ನಮ್ಮ ಮನೆಗೆ ಅಂಥ ಪ್ರವಾಸ ಒಗ್ಗುವುದಿಲ್ಲ. ಹಾಗಾಗಿ ಭಾನುವಾರಗಳಿಗೆಂದು ನಮ್ಮದೇ ಒಂದು ಕ್ರಮವನ್ನು ರೂಢಿಸಿಕೊಂಡೆವು. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಮನೆಯಲ್ಲಿರಬೇಕು, ಒಂದು ದಿನಕ್ಕೆ ಒಂದೇ ಜಾಗ, ಆದಷ್ಟೂ ತುಂಗಾ ಹೊಳೆಯನ್ನು ಬಿಟ್ಟು ದೂರ ಹೋಗಬಾರದು. ಕೇಳುವುದಕ್ಕೆ ಬಿಗಿಯಾದ ಕಟ್ಟಳೆಯಂತೆ ಕಂಡರೂ ಇದರಿಂದ ಆದದ್ದು ಒಳ್ಳೆಯದೇ. ಒಂದೇ ಜಾಗವನ್ನು ಮಳೆಗಾಲದಲ್ಲೊಮ್ಮೆ, ಚಳಿಯಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ನೋಡಿದ ಮಕ್ಕಳಿಗೆ ಹೊಳೆಯ ಸ್ವಭಾವ ಪಾಠಪುಸ್ತಕದ ನೆರವಿಲ್ಲದೆಯೇ ಅರ್ಥವಾಗತೊಡಗಿತು.

ಈ ಕ್ರಮಕ್ಕೆ ತೀರ್ಥಹಳ್ಳಿ ರಸ್ತೆಯಷ್ಟು ಅನುಕೂಲವಾದದ್ದು ಬೇರೆ ಇಲ್ಲ. ಊರು ಬಿಟ್ಟು 14 ಕಿಲೋಮೀಟರ್ ಸಾಗುವಷ್ಟರಲ್ಲಿ ಸಕ್ರೆಬೈಲು ಆನೆ ಬಿಡಾರ ಸಿಗುತ್ತದೆ. ಬಿಡಾರವು ಹೆದ್ದಾರಿಯ ಪಕ್ಕದಲ್ಲೇ, ಗಾಜನೂರು ಅಣೆಕಟ್ಟೆಯ ಹಿನ್ನೀರಿನ ಅಂಚಿನಲ್ಲಿರುವುದರಿಂದ ಕಾರಿಲ್ಲದವರು ತೀರ್ಥಹಳ್ಳಿ ಬಸ್ಸು ಹತ್ತಿ ಬಾಗಿಲಲ್ಲೇ ಇಳಿಯಬಹುದು. ಇಲ್ಲಿ ಮುಖ್ಯವಾದದ್ದು ಹೊತ್ತು. ಆನೆಗಳನ್ನು ಮೀಯಿಸುವುದೂ ಅವಕ್ಕೆ ತಿನ್ನಿಸುವುದೂ ಹೆಚ್ಚುಕಡಿಮೆ ಬೆಳಿಗ್ಗೆ ಎಂಟೂವರೆಯಿಂದ ಹನ್ನೊಂದರ ಒಳಗೆ ನಡೆಯುತ್ತದೆ. ಅದರ ನಂತರ ಬಂದವರಿಗೆ ಕಾಣುವುದು ಖಾಲಿ ದಂಡೆ ಮತ್ತು ಲದ್ದಿ ಮಾತ್ರ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು ನಿಧಾನವಾಗಿ ಸ್ನಾನ, ತಿಂಡಿ ಮುಗಿಸಿ ಹನ್ನೆರಡಕ್ಕೆ ಹೊರಡೋಣ ಎನ್ನುವ ನೆಂಟರಿಗೆ ನಾನು ಈಗ ಮುಲಾಜಿಲ್ಲದೆ ಹೇಳುತ್ತೇನೆ: ಆನೆ ನೋಡಬೇಕಿದ್ದರೆ ತಿಂಡಿಯನ್ನು ಡಬ್ಬಿಗೆ ಹಾಕಿಕೊಳ್ಳಿ, ಅಲ್ಲಿಗೆ ಹೋಗಿ ತಿನ್ನೋಣ.

ಬಿಡಾರದಲ್ಲಿ ಫೋಟೊ ತೆಗೆಸಿಕೊಳ್ಳುವುದರಲ್ಲೇ ಸಮಯ ಕಳೆಯುವವರು ಬಹಳ. ನಾವು ಮಾವುತರ ಮತ್ತು ಕಾವಾಡಿಗಳ ಕೆಲಸವನ್ನು ನೋಡುತ್ತ ಕೂರುತ್ತೇವೆ. ರಾತ್ರಿ ಆನೆಗಳನ್ನು ಉದ್ದನೆಯ ಸರಪಳಿಯೊಂದಿಗೆ ಕಾಡಿಗೆ ಬಿಡುತ್ತಾರೆ. ಬೆಳಗಿನ ಜಾವ ಮಣ್ಣಿನಲ್ಲಿ ಆ ಸರಪಳಿ ಎಳೆದ ಗುರುತನ್ನೇ ಹಿಡಿದು ಹೋಗಿ ತಮ್ಮ ತಮ್ಮ ಆನೆಯನ್ನು ಹುಡುಕಿ ತರುತ್ತಾರೆ. ಈ ಸಂಗತಿಯನ್ನು ಕೇಳಿದ ದಿನ ನನ್ನ ಮಗಳು ಬಂದ ಪ್ರತಿ ಆನೆಯ ಹಿಂದೆಯೂ ಸರಪಳಿಯ ಗೆರೆ ಎಲ್ಲಿಂದ ಶುರುವಾಗಿದೆ ಎಂದು ನೋಡುತ್ತ ನಿಂತಿದ್ದಳು. ನೀರಿನಲ್ಲಿ ಮಗ್ಗುಲಾಗಿ ಮಲಗಿದ ಆನೆಯ ಮೈಯನ್ನು ಉಜ್ಜುವಾಗ ಗಾಯವಿದೆಯೇ, ಕಾಲಿನ ಉಗುರು ಸೀಳಿದೆಯೇ ಎಂದು ನೋಡುವುದೂ ಆ ಸ್ನಾನದ ಭಾಗವೇ. ಆಮೇಲೆ ಹುಲ್ಲಿನಲ್ಲಿ ಭತ್ತ, ಬೆಲ್ಲ ಇಟ್ಟು ಕಟ್ಟಿದ ಕುಸುರೆಯನ್ನು ಆನೆಯ ಬಾಯಿಗೇ ಇಡುತ್ತಾರೆ. ಹೆಣ್ಣಾನೆಗೆ ಕೋರೆ ಏಕಿಲ್ಲ, ಗಂಡಾಗಿಯೂ ದಂತವಿಲ್ಲದ ಮಖ್ನಾ ಎಂದರೇನು, ಮದ ಬಂದಾಗ ಕೆನ್ನೆಯ ಮೇಲೆ ಇಳಿಯುವ ಸ್ರಾವ ಯಾವುದು ಎಂಬ ಪ್ರಶ್ನೆಗಳಿಗೆಲ್ಲ ಅಲ್ಲಿನವರು ಸಾವಧಾನವಾಗಿ ಉತ್ತರಿಸುತ್ತಾರೆ, ಆದರೆ ಕೆಲಸ ಮುಗಿದ ಮೇಲೆ ಕೇಳಬೇಕು. ಮನೆಯಿಂದ ತಂದ ಬಾಳೆಹಣ್ಣನ್ನು ಮಕ್ಕಳು ತಾವಾಗಿಯೇ ಆನೆಗೆ ಕೊಡಲು ಹೋಗದಂತೆ ನೋಡಿಕೊಳ್ಳುವುದು ದೊಡ್ಡವರ ಜವಾಬ್ದಾರಿ. ಸಾಕಿದ ಆನೆ ಎಂದ ಮಾತ್ರಕ್ಕೆ ಅದು ಎಲ್ಲರ ಕೈಗೂ ಸಾಧು ಎಂದು ತಿಳಿಯಬಾರದು.

ಅದೇ ರಸ್ತೆಯಲ್ಲಿ ಸಕ್ರೆಬೈಲಿಗೆ ಮೊದಲೇ ಸಿಗುವ ಗಾಜನೂರಿಗೆ ನಾವು ಹೋಗುವುದು ಮುಂಗಾರಿನಲ್ಲಿ ಮಾತ್ರ. ಲಿಂಗನಮಕ್ಕಿಯ 151 ಟಿಎಂಸಿಯ ಮುಂದೆ ಈ ಅಣೆಕಟ್ಟೆಯ 3.24 ಟಿಎಂಸಿ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಶೃಂಗೇರಿ, ಆಗುಂಬೆಯ ಕಡೆ ನಾಲ್ಕು ದಿನ ಬಿಡದೆ ಮಳೆ ಹಿಡಿದರೆ ಸಾಕು, ರಾಜ್ಯದ ಉಳಿದ ಜಲಾಶಯಗಳು ತಳ ಮುಚ್ಚಿಕೊಳ್ಳುವ ಮೊದಲೇ ಇದು ತುಂಬಿ ಗೇಟುಗಳನ್ನು ಎತ್ತಬೇಕಾಗುತ್ತದೆ. ಗೇಟು ಎತ್ತಿದ ಸುದ್ದಿ ಬಂದ ದಿನ ಸೇತುವೆಯ ಮೇಲೆ ಜನವೋ ಜನ. ಅರ್ಧ ಗಂಟೆ ನೋಡಿ ಹಿಂದಿರುಗಿದರೆ ಸಾಕು, ಅದಕ್ಕಿಂತ ಹೆಚ್ಚು ಹೊತ್ತು ಅಲ್ಲಿ ಮಾಡುವಂಥದ್ದೇನಿಲ್ಲ.

ಸಕ್ರೆಬೈಲಿನಿಂದ ಮುಂದೆ, ಶಿವಮೊಗ್ಗದಿಂದ ಸುಮಾರು 30 ಕಿಲೋಮೀಟರಿನಲ್ಲಿ ಮಂಡಗದ್ದೆ ಬರುತ್ತದೆ. ಹೊಳೆಯ ನಡುವಿನ ಪುಟ್ಟ ನಡುಗಡ್ಡೆಯೊಂದೇ ಇಲ್ಲಿನ ಪಕ್ಷಿಧಾಮ. ಮಳೆಗಾಲದಲ್ಲಿ ತುಂಗೆ ಏರಿದಾಗ ಮರಗಳು ಸೊಂಟದ ಮಟ್ಟಕ್ಕೆ ಮುಳುಗುತ್ತವೆ. ಸುತ್ತ ನೀರಿರುವುದರಿಂದ ಮೇಲೇರಿ ಬರುವ ಶತ್ರುಗಳ ಕಾಟ ಕಡಿಮೆ ಎಂದು ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಅದೇ ಮರಗಳ ನೆತ್ತಿಯಲ್ಲಿ ಗೂಡು ಕಟ್ಟುತ್ತವೆ. ಜುಲೈಯಿಂದ ಅಕ್ಟೋಬರಿನವರೆಗೆ ಹೋದರೆ ಮಾತ್ರ ಮಂಡಗದ್ದೆಗೆ ಅರ್ಥ. ಫೆಬ್ರವರಿಯಲ್ಲಿ ಹೋಗಿ ಹಕ್ಕಿಯೇ ಇಲ್ಲವೆಂದು ದೂರುವವರನ್ನು ಕಂಡಿದ್ದೇನೆ. ರಸ್ತೆಯ ಪಕ್ಕದ ವೀಕ್ಷಣಾ ಗೋಪುರದಿಂದಲೇ ಎಲ್ಲವೂ ಕಾಣುವುದರಿಂದ ಅತ್ತೆಯವರಿಗೆ ಹೆಚ್ಚು ನಡೆಯುವ ಶ್ರಮವಿಲ್ಲ. ಮನೆಯಲ್ಲಿ ದುರ್ಬೀನು ಇದ್ದರೆ ತಪ್ಪದೆ ಒಯ್ಯಬೇಕು. ನೀರುಕಾಗೆಯೂ ಹಾವಕ್ಕಿಯೂ ರೆಕ್ಕೆ ಹರಡಿಕೊಂಡು ಬಿಸಿಲಿಗೆ ಕೂತಿರುವುದು ಸೊಗಸಿಗಲ್ಲ, ಮೀನಿಗಾಗಿ ಮುಳುಗುವಾಗ ಅವುಗಳ ಗರಿ ನೀರು ಕುಡಿಯುತ್ತದೆ, ಅದನ್ನು ಒಣಗಿಸಿಕೊಳ್ಳುತ್ತಿವೆ ಎಂದು ವಿವರಿಸಿದ ಮೇಲೆ ಮಕ್ಕಳು ಯಾವ ಹಕ್ಕಿಯ ಗರಿ ಮೊದಲು ಒಣಗಿತು ಎಂದು ಪಂದ್ಯ ಕಟ್ಟುತ್ತಾರೆ. ಇಷ್ಟು ಹೊತ್ತು ಫೋನು ಕೇಳದೆ ಕೂರುವ ಜಾಗ ನಮ್ಮ ಮಟ್ಟಿಗೆ ಇದೊಂದೇ.

ಊರೊಳಗಿನ ತಿರುಗಾಟವನ್ನು ಶಿವಮೊಗ್ಗದವರು ತಿರುಗಾಟವೆಂದೇ ಎಣಿಸುವುದಿಲ್ಲ. ಕೋಟೆ ರಸ್ತೆಯ ಶಿವಪ್ಪನಾಯಕ ಅರಮನೆಯ ಮುಂದೆ ದಿನವೂ ಓಡಾಡುವವರಲ್ಲಿ ಒಳಗೆ ಕಾಲಿಟ್ಟವರು ಎಷ್ಟು ಮಂದಿ ಎಂದು ಕೇಳಿ ನೋಡಬೇಕು. ಮರದ ದಪ್ಪ ಕಂಬಗಳ ದರ್ಬಾರು ಅಂಗಳ ಚೆಲುವಾಗಿದೆ, ನಿಜ. ಆದರೆ ನಾವು ಅಲ್ಲಿಗೆ ಹೋಗುವುದು ಆವರಣದಲ್ಲಿ ತಂದಿರಿಸಿರುವ ಕಲ್ಲುಗಳಿಗಾಗಿ. ವೀರಗಲ್ಲನ್ನು ಓದುವ ಕ್ರಮ ಕೆಳಗಿನಿಂದ ಮೇಲಕ್ಕೆ ಎಂದು ಒಮ್ಮೆ ತಿಳಿಸಿಕೊಟ್ಟರೆ ಮಕ್ಕಳಿಗೆ ಅದು ಚಿತ್ರಕಥೆಯಾಗಿಬಿಡುತ್ತದೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವಿನದರಲ್ಲಿ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕೂತಿರುವುದು. ಕೆಳಗಿನ ಪಟ್ಟಿಯಲ್ಲಿ ದನಗಳಿದ್ದರೆ ಅದು ತುರುಗಾಳಗ, ಅಂದರೆ ಊರಿನ ದನ ಕದ್ದವರೊಡನೆ ನಡೆದ ಹೋರಾಟ. ಬಳೆ ತೊಟ್ಟ ಕೈಯೊಂದು ಮೇಲಕ್ಕೆ ಎತ್ತಿದಂತೆ ಕೆತ್ತಿದ್ದರೆ ಅದು ಮಾಸ್ತಿಕಲ್ಲು, ಅಂದರೆ ಗಂಡನೊಡನೆ ಚಿತೆಯೇರಿದ ಹೆಂಗಸಿನ ನೆನಪಿನ ಕಲ್ಲು. ಮಗಳು ಒಂದು ಕಲ್ಲಿನ ಮುಂದೆ ನಿಂತು ಏನಾಗಿದೆ ಎಂದು ಹೇಳಬೇಕು, ಮಗ ಅದರಲ್ಲಿ ತಪ್ಪು ಹುಡುಕಬೇಕು, ಇದು ನಮ್ಮ ಮನೆಯ ಆಟ. ಬಿಸಿಲೇರುವ ಮೊದಲು ಹೋದರೆ ಓರೆಯಾಗಿ ಬೀಳುವ ಬೆಳಕಿನಲ್ಲಿ ಸವೆದ ಕೆತ್ತನೆಯೂ ಎದ್ದು ಕಾಣುತ್ತದೆ.

ಹೊಳೆಯ ಬದಿಯಲ್ಲಿ ಕೋರ್ಪಲಯ್ಯನ ಛತ್ರವಿದೆ. ಅದರ ಹತ್ತಿರ ನೀರಿನಲ್ಲಿ ನಿಂತಿರುವ ಕಲ್ಲಿನ ಮಂಟಪವೇ ಈ ಊರಿನ ನೆರೆಯ ಅಳತೆಗೋಲು. ಕ್ಯೂಸೆಕ್ಕಿನ ಲೆಕ್ಕ ನಮ್ಮಲ್ಲಿ ಯಾರಿಗೂ ಬೇಡ, ಮಂಟಪ ಎಷ್ಟು ಮುಳುಗಿದೆ ಎನ್ನುವುದೇ ಸುದ್ದಿ. ಮಂಟಪ ಪೂರ್ತಿ ಮುಳುಗಿತೆಂದರೆ ಆ ಸಂಜೆ ಮನೆಮಂದಿಯೆಲ್ಲ ಕೊಡೆ ಹಿಡಿದು ಹೊಳೆ ನೋಡಲು ಬರುತ್ತಾರೆ, ಹೆಂಗಸರು ಬಾಗಿನ ಬಿಡುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಮೆಟ್ಟಿಲಿನ ಹತ್ತಿರಕ್ಕೆ ಬಿಡದೆ ಹಿಂದಿನಿಂದಲೇ ತೋರಿಸಬೇಕು, ಏಕೆಂದರೆ ಪಾಚಿಗಟ್ಟಿದ ಮೆಟ್ಟಿಲು ಯಾರನ್ನೂ ಲೆಕ್ಕಿಸುವುದಿಲ್ಲ. ಅಲ್ಲಿಂದ ಗಾಂಧಿ ಬಜಾರಿಗೆ ನಡೆದೇ ಹೋಗಬಹುದು. ಮಾವಿನ ಮಿಡಿ ಬರುವ ಕಾಲದಲ್ಲಿ ಅತ್ತೆಯವರು ಬುಟ್ಟಿಯ ಮುಂದೆ ಕೂತು ತೊಟ್ಟು ಮುರಿದು ಸೊನೆಯ ಪರಿಮಳ ನೋಡುವುದನ್ನು ಮಕ್ಕಳು ಕಲಿಯಲಿ ಎಂಬ ಆಸೆ ನನಗಿದೆ. ಅವರಿಗೆ ಸದ್ಯಕ್ಕೆ ಬೇಕಾಗಿರುವುದು ಮಂಡಕ್ಕಿ ಮತ್ತು ಮೆಣಸಿನಕಾಯಿ ಬೋಂಡ.

ಹೊಳೆ ಹರಿಯುವ ದಿಕ್ಕಿನಲ್ಲಿ ಹೋದರೆ ಕೂಡಲಿ. ಕುದುರೆಮುಖದ ಸೀಮೆಯಲ್ಲಿ, ಗಂಗಾಮೂಲದಲ್ಲಿ ಒಟ್ಟಿಗೇ ಹುಟ್ಟಿ ಬೇರೆ ಬೇರೆ ದಾರಿ ಹಿಡಿದ ತುಂಗೆ 147 ಕಿಲೋಮೀಟರ್, ಭದ್ರೆ 178 ಕಿಲೋಮೀಟರ್ ಹರಿದು ಬಂದು ಇಲ್ಲಿ ಸೇರುತ್ತವೆ. ಊರಿನಿಂದ 15 ಕಿಲೋಮೀಟರಿನ ಆಸುಪಾಸು. ಹೊಯ್ಸಳ ಶೈಲಿಯ ರಾಮೇಶ್ವರ ಗುಡಿಯನ್ನು ನೋಡಿಕೊಂಡು ಸಂಗಮದ ಮೆಟ್ಟಿಲಿಗೆ ಇಳಿದರೆ, ಎರಡೂ ಕಡೆ ಒಂದೇ ಮಟ್ಟಿಗೆ ಮಳೆಯಾಗದ ವಾರದಲ್ಲಿ, ಒಂದು ಹೊಳೆಯ ಕೆಂಪು ನೀರು ಇನ್ನೊಂದರ ತಿಳಿಯ ಪಕ್ಕದಲ್ಲಿ ಸ್ವಲ್ಪ ದೂರ ಬೇರೆಯಾಗಿಯೇ ಸಾಗುವುದು ಕಾಣುತ್ತದೆ. ಗಂಗಾ ಸ್ನಾನ, ತುಂಗಾ ಪಾನ ಎನ್ನುತ್ತ ಅತ್ತೆಯವರು ಬೊಗಸೆಯಲ್ಲಿ ನೀರು ತೆಗೆದುಕೊಳ್ಳುತ್ತಾರೆ. ಊರ ಚರಂಡಿಗಳನ್ನು ದಾಟಿ ಬಂದ ನೀರೆಂದು ನಾನು ಮಕ್ಕಳಿಗೆ ಬಾಟಲಿ ನೀರನ್ನೇ ಕೊಡುತ್ತೇನೆ. ಈ ವಿಷಯದಲ್ಲಿ ನಮ್ಮಿಬ್ಬರಿಗೂ ಇನ್ನೂ ಒಪ್ಪಂದವಾಗಿಲ್ಲ.

ಹೊಳೆಯನ್ನು ಬಿಟ್ಟು ಹೋಗುವ ಒಂದೆರಡು ಜಾಗಗಳೂ ನಮ್ಮ ಪಟ್ಟಿಯಲ್ಲಿವೆ. ಸಾಗರ ರಸ್ತೆಯ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮ ಊರಿಗೆ ಸುಮಾರು 10 ಕಿಲೋಮೀಟರಿನಲ್ಲಿದೆ. ಮಂಗಳವಾರ ಅದಕ್ಕೆ ರಜೆ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು, ಉಳಿದದ್ದನ್ನು ಸಫಾರಿ ಬಸ್ಸೇ ನೋಡಿಕೊಳ್ಳುತ್ತದೆ. ನನಗೆ ಹೆಚ್ಚು ಹಿಡಿಸಿದ್ದು ತಾಳಗುಪ್ಪದ ರೈಲು. ಕುಂಸಿ ದಾಟಿದ ಮೇಲೆ ಕಾಡಿನ ನಡುವೆ ಸಿಗುವ ಅರಸಾಳು ನಿಲ್ದಾಣವು 1980ರ ದಶಕದಲ್ಲಿ ಶಂಕರನಾಗ್ ನಿರ್ದೇಶನದ ದೂರದರ್ಶನ ಧಾರಾವಾಹಿಯಲ್ಲಿ ಮಾಲ್ಗುಡಿಯ ನಿಲ್ದಾಣವಾಗಿತ್ತು. ಆ ಹಳೆಯ ಕಟ್ಟಡವನ್ನು ರೈಲ್ವೆಯವರು ದುರಸ್ತಿ ಮಾಡಿಸಿ ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿಸಿದ್ದಾರೆ. ಅಲ್ಲಿ ನಿಲ್ಲುವ ಗಾಡಿಗಳು ಕಡಿಮೆ ಇರುವುದರಿಂದ ಹೋಗುವ ಗಾಡಿಗಿಂತ ಮರಳುವ ಗಾಡಿಯ ವೇಳೆಯನ್ನೇ ಮೊದಲು ನೋಡಿಕೊಳ್ಳುತ್ತೇವೆ. ಹೊಂದದಿದ್ದರೆ ನಮ್ಮನೆಯವರು ಕಾರು ತೆಗೆದುಕೊಂಡು ರಸ್ತೆಯಲ್ಲಿ ಬರುತ್ತಾರೆ. ಮಕ್ಕಳಿಗಂತೂ ನಿಲ್ದಾಣಕ್ಕಿಂತ ಕಿಟಕಿಯ ಪಕ್ಕದ ಸೀಟೇ ಪ್ರವಾಸ.

ಚೀಲಕ್ಕೆ ಏನೇನು ಹಾಕಿಕೊಳ್ಳಬೇಕು ಎನ್ನುವುದು ತಿಂಗಳಿನ ಮೇಲೆ ನಿಂತಿದೆ. ಮಳೆಗಾಲದಲ್ಲಿ ಉಂಬಳಗಳಿಗೆಂದು ಉಪ್ಪಿನ ಪುಟ್ಟ ಗಂಟು, ಬದಲಿಸಲು ಒಣ ಕಾಲುಚೀಲ. ಉಂಬಳ ಕಚ್ಚಿದರೆ ರಕ್ತ ಹರಿಯುವುದು ಬಿಟ್ಟರೆ ಅಪಾಯವಿಲ್ಲ, ಕಿತ್ತು ಎಳೆಯದೆ ಉಪ್ಪು ಮುಟ್ಟಿಸಿದರೆ ತಾನಾಗಿ ಬೀಳುತ್ತದೆ. ಆದರೆ ಡಿಸೆಂಬರಿನಿಂದ ಮೇ ತಿಂಗಳವರೆಗಿನ ಉಣುಗುಗಳ ವಿಷಯ ಹಾಗಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯು ಉಣುಗು ಕಚ್ಚುವುದರಿಂದ ಹರಡುತ್ತದೆ, ಮತ್ತು ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯ ಕಾಡಂಚಿನವರು ಪ್ರತಿ ವರ್ಷವೂ ಅದರ ಭಯದಲ್ಲೇ ಬೇಸಿಗೆ ಕಳೆಯುತ್ತಾರೆ. ಆ ತಿಂಗಳುಗಳಲ್ಲಿ ನಾವು ಕಾಡಿನ ತರಗೆಲೆಯ ಮೇಲೆ ಚಾಪೆ ಹಾಸಿ ಬುತ್ತಿ ಬಿಚ್ಚುವುದಿಲ್ಲ. ಮಂಗ ಸತ್ತ ಸುದ್ದಿಯಿರುವ ಕಡೆಗೆ ತಲೆಯನ್ನೂ ಹಾಕುವುದಿಲ್ಲ. ಪೇಟೆಯಿಂದ ಬರುವವರಿಗೆ ಹೋಂಸ್ಟೇಯ ಜಾಹೀರಾತುಗಳು ಇದನ್ನು ತಿಳಿಸುವುದಿಲ್ಲವಾದ್ದರಿಂದ ಇಲ್ಲಿ ಒತ್ತಿ ಹೇಳುತ್ತಿದ್ದೇನೆ. ಆರೋಗ್ಯ ಇಲಾಖೆಯವರು ಮೈಗೆ ಹಚ್ಚಿಕೊಳ್ಳಲು ಕೊಡುವ ಎಣ್ಣೆಯ ಬಗ್ಗೆ ಆಯಾ ಊರಿನ ಆಶಾ ಕಾರ್ಯಕರ್ತೆಯರನ್ನು ವಿಚಾರಿಸಬಹುದು.

ನೀರಿಗಿಳಿಯುವ ವಿಷಯದಲ್ಲಿಯೂ ನಮ್ಮದು ಕಟ್ಟುನಿಟ್ಟು. ತೀರ್ಥಹಳ್ಳಿಯ ಹತ್ತಿರದ ಚಿಬ್ಬಲಗುಡ್ಡೆಯಲ್ಲಿ ದೇವಸ್ಥಾನದ ಮೆಟ್ಟಿಲಿನ ಬಳಿ ಗುಂಪುಗುಂಪಾಗಿ ಬರುವ ದೇವರ ಮೀನುಗಳನ್ನು ನೋಡುವುದು ಮಕ್ಕಳಿಗೆ ಹಬ್ಬ, ಆದರೆ ಶಾಂತವಾಗಿ ಕಾಣುವ ಆ ಮಡುವಿನ ಆಳ ಮೇಲಿನಿಂದ ತಿಳಿಯುವುದಿಲ್ಲ. ಮೆಟ್ಟಿಲಿನ ಮೇಲಿಂದಲೇ ನೋಡಿ ಮರಳಬೇಕು. ಅಲ್ಲಿಗೂ ಕುಪ್ಪಳಿಯ ಕವಿಮನೆಗೂ ಅರ್ಧ ದಿನ ಸಾಲದಾದ್ದರಿಂದ ಅವನ್ನು ದಸರಾ ರಜೆಗೆ ಎತ್ತಿಡುತ್ತೇವೆ.

ಇಷ್ಟೆಲ್ಲ ಹೇಳಿದ ಮೇಲೂ ನೆಂಟರು ಜೋಗವೇ ಬೇಕೆಂದು ಹಟ ಹಿಡಿದರೆ ಹಿಂದಿನ ಸಂಜೆಯೇ ಸಾಗರಕ್ಕೆ ಹೋಗಿ ಉಳಿಯುವುದು ಲೇಸು. ಸಾಗರದ ಪಕ್ಕದಲ್ಲೇ ಇರುವ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನವನ್ನು ಸಂಜೆಯ ಬಿಸಿಲಿನಲ್ಲಿ ನೋಡಿಕೊಂಡು, ಬೆಳಿಗ್ಗೆ ಬೇಗ ಹೊರಟರೆ ವಾಹನಗಳ ಸಾಲು ಶುರುವಾಗುವ ಮೊದಲೇ ಜೋಗ ತಲುಪಬಹುದು. ಶರಾವತಿಯ ನೀರನ್ನು ಮೇಲೆ ಲಿಂಗನಮಕ್ಕಿಯಲ್ಲಿ ತಡೆದಿರುವುದರಿಂದ 253 ಮೀಟರಿನ ಆ ಬಂಡೆ ಬೇಸಿಗೆಯಲ್ಲಿ ಬರಿದಾಗಿ ಕಾಣುತ್ತದೆ, ಹಾಗಾಗಿ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳೇ ಸರಿ. ಆಗ ಮಂಜಿನ ಕಾಟವಿರುತ್ತದೆ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಬಿಳಿಯ ಪರದೆಯ ಹಿಂದೆ ಅಡಗಿದ್ದರೆ ಬೇಸರಿಸಿಕೊಂಡು ಕಾರು ಹತ್ತಬಾರದು. ಅಲ್ಲೇ ಒಂದು ಲೋಟ ಚಹಾ ಕುಡಿದು ಕಾದರೆ ಗಾಳಿ ಬೀಸಿದಾಗ ಮಂಜು ಸರಿಯುತ್ತದೆ, ಮತ್ತೆ ಮುಚ್ಚಿಕೊಳ್ಳುವುದರೊಳಗೆ ನೋಡಿಕೊಳ್ಳಲು ಸಿಗುವ ಸಮಯ ಬಹಳವಿಲ್ಲವಾದ್ದರಿಂದ ಮಕ್ಕಳನ್ನು ಕಟಾಂಜನದ ಹತ್ತಿರವೇ ಕೈಹಿಡಿದು ನಿಲ್ಲಿಸಿಕೊಂಡಿರಬೇಕು.